ಸುಮಿತ್ರಳ ಪಾಲಿನ ಹದಿನಾಲ್ಕು ಉಪವಾಸ

ತಿರುವನಂತಪುರದ ಕನ್ನಡ ಪ್ರಾರ್ಥನಾ ಕೂಟದಲ್ಲಿ ಉಪವಾಸ ಎಂದರೆ ಸುಮಿತ್ರ, ಸುಮಿತ್ರ ಎಂದರೆ ಉಪವಾಸ. ಕೂಟವೇನೂ ದೊಡ್ಡದಲ್ಲ, ಹನ್ನೊಂದು ಮನೆ. ಉಡುಪಿ, ಮಂಗಳೂರು, ಗದಗ, ಮೈಸೂರು ಕಡೆಯಿಂದ ವರ್ಗವಾಗಿ ಬಂದ ಬ್ಯಾಂಕಿನವರು, ಬಾಹ್ಯಾಕಾಶ ಕೇಂದ್ರದವರು, ಸಂಶೋಧನಾ ಸಂಸ್ಥೆಯವರು. ತಿಂಗಳ ಎರಡನೆಯ ಭಾನುವಾರ ಸಂಜೆ ಯಾರಾದರೊಬ್ಬರ ಮನೆಯಲ್ಲಿ ಜಮಖಾನ ಹಾಸಿ ಕೂರುತ್ತಾರೆ. ಮಾತಾಡುವಾಗ ಒಬ್ಬೊಬ್ಬರ ಕನ್ನಡ ಒಂದೊಂದು ದಿಕ್ಕಿಗೆ ಎಳೆಯುತ್ತದೆ. ಹಾಡುವಾಗ ಮಾತ್ರ ಒಂದಾಗುತ್ತದೆ, ಅದೂ ಎರಡನೆಯ ಚರಣದವರೆಗೆ. ಮೂರನೆಯ ಚರಣ ಯಾರಿಗೂ ಬಾಯಿಗೆ ಬರುವುದಿಲ್ಲ.

ಈ ಕೂಟಕ್ಕೆ ಒಂದು ಪದ್ಧತಿ ಇದೆ. ಈಸ್ಟರಿಗೆ ಮುಂಚಿನ ನಲವತ್ತು ದಿನ ಉಪವಾಸದ ಸರಪಳಿ ನಡೆಸುತ್ತಾರೆ. ದಿನಕ್ಕೊಬ್ಬರು ಬೆಳಗಿನಿಂದ ಸಂಜೆ ಆರರವರೆಗೆ ನೀರು ಬಿಟ್ಟು ಬೇರೇನೂ ಮುಟ್ಟದೆ ಕಾಯಿಲೆಯವರಿಗಾಗಿ, ಕೆಲಸವಿಲ್ಲದವರಿಗಾಗಿ, ಪರೀಕ್ಷೆಯ ಮಕ್ಕಳಿಗಾಗಿ ಪ್ರಾರ್ಥಿಸಬೇಕು. ಒಂದು ದಿನವೂ ಖಾಲಿ ಬೀಳಬಾರದು. ಪಟ್ಟಿ ಮಾಡಿ ವಾಟ್ಸಾಪ್ ಗುಂಪಿಗೆ ಹಾಕುವವರು ಜಾಯ್ಸಕ್ಕ, ಊರಿನ ಮಿಷನ್ ಆಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿ ನಿವೃತ್ತರಾಗಿ ಮಗನ ಮನೆಗೆ ಬಂದವರು. ಪಟ್ಟಿ ತುಂಬಿಸುವುದು ಎಂದರೆ ಅವರಿಗೆ ವರ್ಷಕ್ಕೊಂದು ತಲೆನೋವು. ಒಬ್ಬರಿಗೆ ಸಕ್ಕರೆ ಕಾಯಿಲೆ, ಇನ್ನೊಬ್ಬರಿಗೆ ಬಿಪಿ, ಮತ್ತೊಬ್ಬರಿಗೆ ಗ್ಯಾಸ್ಟ್ರಿಕ್. ಮಾತ್ರೆ ನುಂಗುವವರು ಊಟ ಬಿಡುವ ಹಾಗಿಲ್ಲ. ಕೊನೆಗೆ ಖಾಲಿ ಉಳಿದ ಚೌಕಗಳಿಗೆಲ್ಲ ಒಂದೇ ಹೆಸರು: ಸುಮಿತ್ರ ಇದ್ದಾಳಲ್ಲ. ಈ ಸಲ ನಲವತ್ತರಲ್ಲಿ ಹದಿನಾಲ್ಕು ದಿನ ಅವಳ ಪಾಲಿಗೆ ಬಂದಿತ್ತು.

ಇಷ್ಟು ಉಪವಾಸ ಮಾಡಿಯೂ ಅವಳ ಮೈ ಇಳಿಯುವುದಿಲ್ಲ ಎಂಬುದು ಕೂಟದ ಹೆಂಗಸರಿಗೆ ಬಿಡಿಸಲಾಗದ ಒಗಟು. ಥೈರಾಯ್ಡ್ ಇರಬೇಕು ಎಂದು ಜಾಯ್ಸಕ್ಕ ಎರಡು ಸಲ ರಕ್ತ ಪರೀಕ್ಷೆಗೆ ಎಳೆದುಕೊಂಡು ಹೋಗಿದ್ದರು. ಥೈರಾಯ್ಡ್ ಸರಿಯಾಗಿಯೇ ಇತ್ತು.

ನಿಜ ಸಂಗತಿ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಕುತೂಹಲ ಹುಟ್ಟಿಸುವ ಕೆಲಸ ನನ್ನದಲ್ಲ. ಸುಮಿತ್ರ ಸಂಜೆ ಆರು ಗಂಟೆಯವರೆಗೆ ಉಪವಾಸ ಮಾಡುತ್ತಿದ್ದದ್ದು ನಿಜ. ಆರರ ನಂತರ ನಗರದ ಶ್ರೀಕಾರ್ಯಂ ಬಡಾವಣೆಯ ತನ್ನ ಬಾಡಿಗೆ ಮನೆಯ ಬಾಗಿಲು ಹಾಕಿ, ಅಡುಗೆಮನೆಯ ಲೈಟನ್ನೂ ಹಾಕದೆ, ನಿಂತುಕೊಂಡೇ ತಿನ್ನುತ್ತಿದ್ದಳು. ಪಫ್ಸು, ಪಳಂಪೊರಿ ಎಂಬ ಬಾಳೆಹಣ್ಣಿನ ಬಜ್ಜಿ, ಒಂದು ಇಡೀ ಪ್ಯಾಕೆಟ್ ಬಾಳೆಕಾಯಿ ಚಿಪ್ಸು, ಬ್ರೆಡ್ಡು, ಹಲ್ವ. ಹಸಿವೆಗಾಗಿ ಅಲ್ಲ. ಹಸಿವೆ ಮೊದಲ ಐದು ನಿಮಿಷದಲ್ಲೇ ತೀರುತ್ತಿತ್ತು. ಅದರ ನಂತರ ತಿನ್ನುವವಳು ತಾನೇ ಹೌದೋ ಅಲ್ಲವೋ ಎಂದು ಅವಳಿಗೇ ತಿಳಿಯುತ್ತಿರಲಿಲ್ಲ. ರುಚಿ ಗೊತ್ತಾಗುತ್ತಿರಲಿಲ್ಲ. ಹೊಟ್ಟೆ ಬಿರಿದು ಉಸಿರಾಡುವುದು ಕಷ್ಟವಾದಾಗ ಕೈ ನಿಲ್ಲುತ್ತಿತ್ತು. ಆಮೇಲೆ ಮೊಣಕಾಲೂರಿ ಅಳುತ್ತಿದ್ದಳು, ನಾಳೆಯೂ ಉಪವಾಸ ಮಾಡುತ್ತೇನೆ ಕರ್ತನೇ ಎಂದು ಹರಕೆ ಹೊರುತ್ತಿದ್ದಳು. ಉಪವಾಸ ಅವಳಿಗೆ ಪ್ರಾರ್ಥನೆಯಾಗಿರಲಿಲ್ಲ, ದಂಡವಾಗಿತ್ತು. ದಂಡ ತೆತ್ತಷ್ಟೂ ಮರುದಿನದ ಸಂಜೆ ಹೆಚ್ಚು ಭೀಕರವಾಗುತ್ತಿತ್ತು.

ಇದು ಶುರುವಾದದ್ದು ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಮಂಗಳೂರಿನ ಹಾಸ್ಟೆಲಿನಲ್ಲಿ. ಕಸಿನ್ ಒಬ್ಬಳ ಮದುವೆಯಲ್ಲಿ ಚಿಕ್ಕಮ್ಮ, ಇವಳನ್ನು ಮುಂದಿನ ಸಾಲಿನಲ್ಲಿ ನಿಲ್ಲಿಸಬೇಡಿ, ಫೋಟೋ ತುಂಬ ಇವಳೇ ಆಗುತ್ತಾಳೆ ಎಂದು ನಗೆಯಾಡಿದ್ದರು. ಚಿಕ್ಕಮ್ಮ ಆ ಮಾತನ್ನು ಮನೆಗೆ ಹೋಗುವಷ್ಟರಲ್ಲಿ ಮರೆತಿರಬೇಕು. ಸುಮಿತ್ರ ಮೂರು ದಿನ ಏನೂ ತಿನ್ನಲಿಲ್ಲ, ನಾಲ್ಕನೆಯ ದಿನ ಮನೆಯಿಂದ ಬಂದ ಚಕ್ಕುಲಿಯ ಡಬ್ಬಿಯನ್ನು ಬಚ್ಚಲಿನಲ್ಲಿ ಕೂತು ಖಾಲಿ ಮಾಡಿದಳು. ಈಗ ಅವಳಿಗೆ ನಲವತ್ತಾರು. ಶ್ರೀಕಾರ್ಯಂನ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆಯಲ್ಲಿ ತಾಂತ್ರಿಕ ಅಧಿಕಾರಿ. ಹೊಸ ತಳಿಯ ಮರಗೆಣಸಿನ ಚಿಪ್ಸು ಕರಿದಾಗ ರುಚಿ ನೋಡಿ ಅಂಕ ಕೊಡುವ ಸಮಿತಿಯಲ್ಲಿ ಅವಳೂ ಒಬ್ಬಳು. ಅಲ್ಲಿ ಒಂದು ತುಂಡು ಕಚ್ಚಿ, ಬಾಯಿ ಮುಕ್ಕಳಿಸಿ, ಅಂಕ ಬರೆದು ತಟ್ಟೆಯನ್ನು ಪಕ್ಕಕ್ಕೆ ಸರಿಸುತ್ತಿದ್ದಳು. ಎಂಟು ಜನರ ಎದುರು ಅವಳಿಗೆ ಒಂದು ತುಂಡೇ ಸಾಕಾಗುತ್ತಿತ್ತು.

ಗಂಡ ದಿನಕರನಿಗೆ ಕೊಚ್ಚಿಯ ಬ್ಯಾಂಕಿನಲ್ಲಿ ಕೆಲಸ. ಕಳಮಶ್ಶೇರಿಯ ಮೆಟ್ರೊ ನಿಲ್ದಾಣದ ಹತ್ತಿರ ಎರಡು ಕೋಣೆಯ ಫ್ಲ್ಯಾಟಿನಲ್ಲಿರುತ್ತಾನೆ, ಶನಿವಾರ ಬಂದು ಸೋಮವಾರ ಬೆಳಗಿನ ರೈಲಿಗೆ ಹೊರಡುತ್ತಾನೆ. ಮಗಳು ಅನ್ವಿತಾ ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಓದುತ್ತಾಳೆ, ಹಾಸ್ಟೆಲಿನಲ್ಲಿ ವಾಸ. ವಾರದಲ್ಲಿ ಐದು ದಿನ ಸುಮಿತ್ರ ಒಬ್ಬಳೇ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯಲು ಇದಕ್ಕಿಂತ ಅನುಕೂಲ ಬೇಕೆ? ಬೇಕರಿಯವನಿಗೆ ಸಂಶಯ ಬರಬಾರದೆಂದು, ಸಂಡೆ ಸ್ಕೂಲಿನ ಮಕ್ಕಳಿಗೆ ಹಂಚಲಿಕ್ಕೆ ಎಂದು ಹೇಳಿಟ್ಟಿದ್ದಳು. ಅಂದಿನಿಂದ ಅವನು ಟೀಚರ್ ಎಂದೇ ಕರೆಯುತ್ತಿದ್ದ.

ಆದರೆ ಕೇರಳದಲ್ಲಿ ತಿಂದದ್ದನ್ನು ಅಡಗಿಸಬಹುದು, ತಿಂದದ್ದರ ಕವರನ್ನು ಅಡಗಿಸುವುದು ಸುಲಭವಲ್ಲ. ಇಲ್ಲಿ ಪ್ಲಾಸ್ಟಿಕ್ಕನ್ನು ಕಸಕ್ಕೆ ಎಸೆಯುವ ಹಾಗಿಲ್ಲ. ತೊಳೆದು, ಒಣಗಿಸಿ, ತಿಂಗಳಿಗೊಮ್ಮೆ ಮನೆಗೆ ಬರುವ ಹರಿತ ಕರ್ಮ ಸೇನೆಯ ಹಸಿರು ಕೋಟಿನ ಹೆಂಗಸರಿಗೆ ಕೊಡಬೇಕು. ಸುಮಿತ್ರ ನಿಯಮ ಮೀರುವವಳಲ್ಲ. ಪ್ರತಿ ಕವರನ್ನೂ ಸೋಪು ಹಾಕಿ ತೊಳೆಯುತ್ತಿದ್ದಳು. ಆದರೆ ಕೊಡಲು ನಾಚಿಕೆ. ಒಂದೊಂದೇ ಒಣಗಿಸಿ ಅಕ್ಕಿಯ ಗೋಣಿಗಳಲ್ಲಿ ತುಂಬಿ ಅಟ್ಟಕ್ಕೇರಿಸಿದ್ದಳು. ಆ ಹೆಂಗಸರು ಬರುವ ಹೊತ್ತಿಗೆ ಅವಳು ಆಫೀಸಿನಲ್ಲಿರುತ್ತಿದ್ದದ್ದರಿಂದ ಏಳು ತಿಂಗಳು ಹೀಗೆ ದಾಟಿತು.

ಲೆಂಟ್ ಎಂಬ ಆ ಉಪವಾಸದ ಕಾಲ ಶುರುವಾಗಿ ಹದಿನೈದು ದಿನ ಕಳೆದ ಮೇಲೆ ಒಂದು ಶನಿವಾರ ಬೆಳಿಗ್ಗೆ ಗೇಟಿನಲ್ಲಿ ಹಸಿರು ಕೋಟು ಕಾಣಿಸಿತು. ಈ ಬೀದಿಯ ಮೇರಿ. ವಿಳಿಂಜಂ ಕಡಲತೀರದ ಹುಟ್ಟು, ಮದುವೆಯಾಗಿ ಇತ್ತ ಬಂದವಳು. ಏಳು ತಿಂಗಳಿಂದ ಈ ಮನೆಯ ಹೆಸರಿನ ಮುಂದೆ ಏನೂ ಬರೆದಿಲ್ಲ, ಇವತ್ತು ಇದ್ದದ್ದನ್ನೆಲ್ಲ ಕೊಟ್ಟುಬಿಡಿ ಚೇಚಿ ಎಂದು ಅಕ್ಕನನ್ನು ಕರೆದಂತೆ ಕರೆದು ಮೆಟ್ಟಿಲ ಮೇಲೆ ಕೂತೇಬಿಟ್ಟಳು. ಮಧ್ಯಾಹ್ನಕ್ಕೆ ದಿನಕರ ಬರುವವನಿದ್ದ. ಅವನೆದುರು ಇಳಿಸುವುದಕ್ಕಿಂತ ಈಗಲೇ ವಾಸಿ ಎಂದು ಸುಮಿತ್ರ ಅಟ್ಟಕ್ಕೆ ಏಣಿ ಹಾಕಿದಳು. ನಾಲ್ಕು ಗೋಣಿ ಇಳಿದವು.

ಮೇರಿ ಒಂದರ ಬಾಯಿ ಬಿಚ್ಚಿ ಕೈಯಾಡಿಸಿದಳು. ಬಿಸ್ಕತ್ತು, ಚಿಪ್ಸು, ಕೇಕಿನ ಕವರುಗಳು, ಎಲ್ಲವೂ ಇಸ್ತ್ರಿ ಮಾಡಿದಷ್ಟು ನೀಟು. ಇಷ್ಟು ಚೊಕ್ಕಟವಾಗಿ ಈ ವಾರ್ಡಿನಲ್ಲಿ ಯಾರೂ ಕೊಡುವುದಿಲ್ಲ ಎಂದು ಮೆಚ್ಚಿದಳು. ಆಮೇಲೆ ಸಹಜವಾಗಿ, ಚೇಚಿ ಮನೆಯಲ್ಲಿ ಟ್ಯೂಷನ್ ಹೇಳುತ್ತೀರಾ, ಎಷ್ಟು ಮಕ್ಕಳು ಬರುತ್ತಾರೆ ಎಂದು ಕೇಳಿದಳು.

ಹೌದು ಎಂದಿದ್ದರೆ ಮುಗಿದುಹೋಗುತ್ತಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಸುಮಿತ್ರ ಗಂಡನಿಗೆ ತಿಂಡಿ ಇಷ್ಟ ಎಂದಳು, ಮಗಳ ಗೆಳತಿಯರು ಬರುತ್ತಾರೆ ಎಂದಳು, ಆಫೀಸಿನಿಂದಲೂ ಕೆಲವು ಕವರು ತಂದದ್ದು ಎಂದಳು. ಯಾರೂ ಕೇಳದ ಮೂರು ಕಾರಣ ಒಂದೇ ಉಸಿರಿಗೆ ಹೇಳಿದಾಗ ಮೇರಿ ತಲೆಯೆತ್ತಿ ಅವಳ ಮುಖ ನೋಡಿದಳು. ಗೋಣಿಯ ಬಾಯಿ ಕಟ್ಟಿ, ಕುಡಿಯಲು ನೀರು ಕೇಳಿದಳು. ನೀರು ಕುಡಿಯುತ್ತ ತನ್ನ ಗಂಡನ ವಿಷಯ ತೆಗೆದಳು. ಅವನು ಕುಡಿಯುತ್ತಿದ್ದನಂತೆ. ಪ್ರತಿ ವರ್ಷ ಈಸ್ಟರಿಗೆ ಮುಂಚೆ ಅವರ ಕಡೆಯ ನೋಂಬಿನ, ಅಂದರೆ ವ್ರತದ, ಐವತ್ತು ದಿನ ಒಂದು ಹನಿ ಮುಟ್ಟದೆ ಇದ್ದು, ಈಸ್ಟರಿನ ಮಧ್ಯಾಹ್ನ ಮೂರು ದಿನದ್ದು ಒಟ್ಟಿಗೆ ಕುಡಿಯುತ್ತಿದ್ದನಂತೆ. ಖಾಲಿ ಬಾಟಲಿಗಳನ್ನು ಬಲೆಯ ರಾಶಿಯ ಕೆಳಗೆ ಬಚ್ಚಿಡುತ್ತಿದ್ದನಂತೆ. ಈಗ ಆರು ವರ್ಷವಾಯಿತು ಬಿಟ್ಟು.

ಹೇಗೆ ಬಿಟ್ಟ ಎಂದು ಸುಮಿತ್ರ ಕೇಳಿದಳು. ತನ್ನ ದನಿ ತನಗೇ ವಿಚಿತ್ರವಾಗಿ ಕೇಳಿಸಿತು.

"ಬಾಟಲಿ ತೆಗೆದು ನನ್ನ ಕೈಗೆ ಕೊಟ್ಟ ಚೇಚಿ," ಎಂದಳು ಮೇರಿ ಮಲಯಾಳದಲ್ಲಿ. "ಅವತ್ತಿನಿಂದ ಶುರು. ಆಮೇಲೂ ಎರಡು ಸಲ ಬಿದ್ದ. ಆದರೆ ಬಚ್ಚಿಡಲಿಲ್ಲ."

ನಾಲ್ಕು ಗೋಣಿಯನ್ನು ತಳ್ಳುಗಾಡಿಗೆ ಹಾಕಿಕೊಂಡು ಮೇರಿ ಮುಂದಿನ ಮನೆಗೆ ಹೋದಳು. ಸುಮಿತ್ರಳಿಗೆ ಅವಳ ಮೇಲೆ ಸಿಟ್ಟು ಬಂತು. ನನ್ನ ಬೇಕರಿ ತಿಂಡಿಗೂ ಆ ಕುಡುಕನಿಗೂ ಏನು ಸಂಬಂಧ ಎಂದು ಆ ದಿನವಿಡೀ ಮನಸ್ಸಿನಲ್ಲೇ ಜಗಳವಾಡಿದಳು. ಮಧ್ಯಾಹ್ನ ಬಂದ ದಿನಕರ, ತಲೆನೋವಾ ಎಂದು ಕೇಳಿ ಟಿವಿ ಹಾಕಿದ.

ಮಂಗಳವಾರ ಗುಂಪಿನಲ್ಲಿ ತಿದ್ದಿದ ಪಟ್ಟಿ ಬಂತು. ಕೊಚ್ಚಿಯ ಕನ್ನಡ ಕೂಟದವರೂ ಈ ಸಲ ಸೇರಿಕೊಂಡಿದ್ದರಿಂದ ಹೊಸ ಹೆಸರುಗಳಿದ್ದವು. ಬರುವ ಶುಕ್ರವಾರದ ಚೌಕದಲ್ಲಿ ಅನ್ವಿತಾ ಎಂದಿತ್ತು. ಅದರ ಮುಂದಿನ ವಾರ ಎರಡು ದಿನ, ಮತ್ತೂ ಮುಂದೆ ಮೂರು ದಿನ, ಒಟ್ಟು ಆರು. ಕೆಳಗೆ ಜಾಯ್ಸಕ್ಕ ಬರೆದಿದ್ದರು: ನೂಲಿನಂತೆ ಸೀರೆ, ತಾಯಿಯಂತೆ ಮಗಳು. ಅದರ ಅಡಿಯಲ್ಲಿ ಕೈಮುಗಿದ ಚಿತ್ರಗಳ ಸಾಲು. ದಿನಕರನೂ ಒಂದು ಹಾಕಿದ್ದ.

ಸುಮಿತ್ರ ಆ ಗಾದೆಯನ್ನು ಎಷ್ಟು ಸಲ ಓದಿದಳೋ. ಮಗಳಿಗೂ ಈಗ ಹತ್ತೊಂಬತ್ತು ವರ್ಷ. ಹಾಸ್ಟೆಲು. ಕೂಡಲೇ ಫೋನು ಮಾಡಿದಳು. ನಿನಗೆ ಕ್ಲಾಸಿರುತ್ತದೆ, ಲ್ಯಾಬಿರುತ್ತದೆ, ತಲೆ ತಿರುಗಿ ಬಿದ್ದರೆ ಯಾರು ನೋಡುವವರು ಎಂದಳು. ಕನ್ನಡ ಪೂರ್ತಿ ಅರ್ಥವಾದರೂ ಉತ್ತರ ಕೊಡುವುದು ಮಲಯಾಳದಲ್ಲೇ ಎಂಬುದು ಅನ್ವಿತಾಳ ರೂಢಿ. ಮಮ್ಮಿ ಆಫೀಸಿಗೆ ಹೋಗಿಕೊಂಡೇ ಹದಿನಾಲ್ಕು ಮಾಡುವುದಿಲ್ಲವಾ, ನಾನು ಆರು ಮಾಡಿದರೆ ಏನು ಎಂದಳು. ಬೇಡ ಅಂದರೆ ಬೇಡ ಎಂದಳು ಸುಮಿತ್ರ. ಯಾಕೆ ಎಂದು ಮಗಳು ಕೇಳಿದಳು. ಆ ಪ್ರಶ್ನೆಗೆ ನಿಜವಾದ ಉತ್ತರ ಒಂದೇ ಇತ್ತು, ಅದನ್ನು ಬಿಟ್ಟು ಬೇರೆ ಹತ್ತು ಹೇಳಿದಳು. ಒಂದೂ ನಿಲ್ಲಲಿಲ್ಲ.

ಬುಧವಾರ ಅವಳದೇ ಉಪವಾಸದ ದಿನ. ಆರು ಹೊಡೆದಾಗ ಅಡುಗೆಮನೆಯ ಕಟ್ಟೆಯ ಮೇಲೆ ಪೊಟ್ಟಣಗಳು ಸಾಲಾಗಿ ಕೂತಿದ್ದವು. ಪಫ್ಸಿನ ಕಾಗದ ಬಿಡಿಸಿದಳು. ಇಡೀ ದಿನ ಮಗಳ ಹೆಸರನ್ನೇ ಪ್ರಾರ್ಥನೆಯಲ್ಲಿ ಹೇಳಿ ಹೇಳಿ ಬಾಯಿಗೆ ಅಭ್ಯಾಸವಾಗಿತ್ತೋ ಏನೋ, ಕೈ ಬಾಯಿಯ ಹತ್ತಿರ ಬರುವಾಗ ಊಟದ ಪ್ರಾರ್ಥನೆ ತಾನಾಗಿ ಹೊರಗೆ ಬಂದುಬಿಟ್ಟಿತು. ಅನ್ವಿತಾ ಚಿಕ್ಕವಳಿದ್ದಾಗ ದಿನವೂ ಹೇಳಿಸುತ್ತಿದ್ದದ್ದು: "ಕರ್ತನೇ, ನಿನ್ನ ಕೈಯಿಂದ ಬಂದ ಈ ಅನ್ನಕ್ಕಾಗಿ ಸ್ತೋತ್ರ. ಇಲ್ಲದವರಿಗೂ ಕೊಡು. ಆಮೆನ್."

ಹೇಳಿದ ಮೇಲೆ ಬೆಚ್ಚಿಬಿದ್ದಳು. ಇಪ್ಪತ್ತೇಳು ವರ್ಷಗಳಲ್ಲಿ ಈ ತಿಂಡಿಯ ಮೇಲೆ ಅವಳು ಒಮ್ಮೆಯೂ ಪ್ರಾರ್ಥನೆ ಹೇಳಿರಲಿಲ್ಲ. ತಿಂದಾದ ಮೇಲೆ ಅತ್ತದ್ದುಂಟು, ತಿನ್ನುವ ಮುಂಚೆ ಕರೆದದ್ದಿಲ್ಲ. ಕಳ್ಳತನಕ್ಕೆ ಯಾರಾದರೂ ದೇವರನ್ನು ಕರೆಯುತ್ತಾರೆಯೇ? ಈಗ ಕರೆದಾಗಿತ್ತು. ಕತ್ತಲೆಯ ಅಡುಗೆಮನೆಯಲ್ಲಿ ತಾನು ಒಬ್ಬಳೇ ಇಲ್ಲ ಎಂದು ಅವಳಿಗೆ ಸ್ಪಷ್ಟವಾಗಿ ಅನ್ನಿಸಿತು. ಅವಳು ಲೈಟು ಹಾಕಿದಳು.

ಸಂಡೆ ಸ್ಕೂಲಿನಲ್ಲಿ ಹಿಂದೆ ಮಕ್ಕಳಿಗೆ ಹೇಳುತ್ತಿದ್ದ ಒಂದು ಕಥೆ ನೆನಪಾಯಿತು. ಕರ್ತನನ್ನು ಗೊತ್ತೇ ಇಲ್ಲ ಎಂದು ಮೂರು ಸಲ ಸುಳ್ಳು ಹೇಳಿದ ಶಿಷ್ಯ ಪೇತ್ರ, ಮುಖ ತೋರಿಸಲಾಗದೆ ಮತ್ತೆ ಮೀನು ಹಿಡಿಯಲು ಹೋಗಿದ್ದಾನೆ. ಬೆಳಗಾಗುವಾಗ ದಡದಲ್ಲಿ ಕೆಂಡ, ಕೆಂಡದ ಮೇಲೆ ಮೀನು, ರೊಟ್ಟಿ. ಮಾಡಿಟ್ಟವನು ಸತ್ತು ಎದ್ದುಬಂದ ಕರ್ತನೇ. ಸುಳ್ಳು ಹೇಳಿದವನಿಗೆ ಅವನು ಮೊದಲು ಕೊಟ್ಟದ್ದು ದಂಡವಲ್ಲ, ಬೆಳಗಿನ ಊಟ. ಮಾತು ಊಟದ ನಂತರ. ಎಷ್ಟು ವರ್ಷ ಈ ಕಥೆಯನ್ನು ಚಿತ್ರ ತೋರಿಸಿ ಹೇಳಿದ್ದಳು, ಎಷ್ಟು ಮಕ್ಕಳಿಗೆ ಪೆನ್ಸಿಲು ಬಹುಮಾನ ಕೊಟ್ಟಿದ್ದಳು! ತನಗೆ ಹೇಳಿಕೊಂಡಿರಲಿಲ್ಲ. ಅವಳು ಕುರ್ಚಿ ಎಳೆದು ಕೂತು, ತಟ್ಟೆ ಇಟ್ಟುಕೊಂಡು ಎರಡು ಪಫ್ಸು ತಿಂದಳು. ಮೂರನೆಯದನ್ನೂ ತಿಂದಳು, ಸುಳ್ಳು ಹೇಳಬಾರದು. ಅರ್ಧ ಪ್ಯಾಕೆಟ್ ಚಿಪ್ಸೂ ಹೋಯಿತು. ಆದರೆ ಉಳಿದದ್ದು ಉಳಿಯಿತು. ಉಳಿಯುವುದು ಸಾಧ್ಯ ಎಂಬುದೇ ಅವಳಿಗೆ ಹೊಸ ಸುದ್ದಿ. ಆಮೇಲೆ ಅತ್ತಳು, ಆದರೆ ಹರಕೆ ಹೊರಲಿಲ್ಲ. ಗುರುವಾರಕ್ಕೆ ರಜೆ ಹಾಕಿದಳು.

ಬೆಳಗಿನ ರೈಲಿಗೆ ಎರ್ನಾಕುಲಂ, ಅಲ್ಲಿಂದ ಮೆಟ್ರೊದಲ್ಲಿ ಕಳಮಶ್ಶೇರಿ. ದಿನಕರ ಬ್ಯಾಂಕಿಗೆ ಹೋಗಿದ್ದ. ಮಧ್ಯಾಹ್ನದ ಬಿಡುವಿನಲ್ಲಿ ಅನ್ವಿತಾ ಫ್ಲ್ಯಾಟಿಗೆ ಬಂದಳು, ಬ್ಯಾಗನ್ನು ಹೆಗಲಿನಿಂದ ಇಳಿಸದೆಯೇ ಏನಾಯಿತು ಎಂದು ಕೇಳಿದಳು. ಸುಮಿತ್ರ ರೈಲಿನಲ್ಲಿ ನಾಲ್ಕು ಗಂಟೆ ಜೋಡಿಸಿಕೊಂಡ ಮಾತುಗಳೆಲ್ಲ ಹಾರಿಹೋಗಿದ್ದವು.

"ಅನ್ವಿ, ನಾನು ಉಪವಾಸ ಮಾಡುವುದು ಭಕ್ತಿಯಿಂದ ಅಲ್ಲ. ತಿಂದದ್ದಕ್ಕೆ ಶಿಕ್ಷೆ ಅಂತ ಮಾಡುವುದು. ಸಂಜೆ ಬಾಗಿಲು ಹಾಕಿ ತಿನ್ನುತ್ತೇನೆ. ಹೊಟ್ಟೆ ನೋಯುವವರೆಗೆ ತಿನ್ನುತ್ತೇನೆ. ನಿಲ್ಲಿಸಲಿಕ್ಕೆ ಆಗುವುದಿಲ್ಲ ನನಗೆ. ನಿನ್ನ ಪ್ರಾಯದಲ್ಲಿ ಶುರುವಾದದ್ದು, ಉಪವಾಸದಿಂದಲೇ. ನೀನು ಆ ದಾರಿಗೆ ಬರಬೇಡ ಮಗಾ."

ಅನ್ವಿತಾ ಬ್ಯಾಗಿನ ಪಟ್ಟಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದಳು. ಮುಖದಲ್ಲಿ ಏನಿತ್ತೆಂದು ತಾಯಿಗೆ ಓದಲಾಗಲಿಲ್ಲ. ಕೊನೆಗೆ ಸರಿ ಮಮ್ಮಿ ಎಂದಳು, ಎರಡು ಗಂಟೆಗೆ ಲ್ಯಾಬಿದೆ ಎಂದಳು, ಹೊರಟುಹೋದಳು. ಸಂಜೆಯ ಹೊತ್ತಿಗೆ ಪಟ್ಟಿಯಿಂದ ಅವಳ ಆರೂ ದಿನ ಮಾಯವಾಗಿದ್ದವು. ಬೇಕಾದದ್ದು ಸಿಕ್ಕಿತ್ತು. ಆದರೂ ಸುಮಿತ್ರ, ಮಗಳು ತನ್ನನ್ನು ಕಂಡು ಹೇಸಿದಳು ಎಂದುಕೊಂಡಳು.

ದಿನಕರನಿಗೆ ಹೇಳುವುದು ಇನ್ನೂ ಕಷ್ಟವಾಯಿತು. ಅವನು ಕಾಫಿ ಲೋಟ ಹಿಡಿದು ಕೊನೆಯವರೆಗೆ ಕೇಳಿದ. ಕಾಫಿ ಕೆನೆಗಟ್ಟಿತು.

"ಹಾಗಾದರೆ ಆ ಬೇಕರಿಯವ ನಿನ್ನನ್ನು ಟೀಚರ್ ಅಂತ ಕರೆಯುವುದು ಇದಕ್ಕಾ," ಎಂದ. ಅವಳು ಅಳುತ್ತಿದ್ದವಳು ನಕ್ಕುಬಿಟ್ಟಳು. ಅವನು ನಗಲಿಲ್ಲ. "ಇಪ್ಪತ್ತೆರಡು ವರ್ಷ ಒಟ್ಟಿಗೆ ಇದ್ದು ನನಗೆ ಹೇಳಲಿಕ್ಕೆ ಇಷ್ಟು ಹೆದರಿಕೆಯಾ ಮಾರಾಯ್ತಿ ನಿನಗೆ? ನಾನು ಎಂತ ಗಂಡ ಹಾಗಾದರೆ?" ಲೋಟ ಕೆಳಗಿಟ್ಟು ಬಹಳ ಹೊತ್ತು ಅವಳ ಕೈ ಹಿಡಿದು ಕೂತ.

ಎರಡನೆಯ ಭಾನುವಾರದ ಕೂಟ ಜಾಯ್ಸಕ್ಕನ ಮನೆಯಲ್ಲಿತ್ತು. ತಮ್ಮ ಅನುಭವದ ಸಾಕ್ಷಿ ಹೇಳುವವರು ಹೇಳಬಹುದು ಎಂದಾಗ ಸುಮಿತ್ರ ಎದ್ದು ನಿಂತಳು. ದಿನಕರ ಪಕ್ಕದಲ್ಲಿದ್ದ. ಇನ್ನು ಮುಂದೆ ಪಟ್ಟಿಯಲ್ಲಿ ತನ್ನ ಹೆಸರು ಬೇಡ ಎಂದು ಆರಂಭಿಸಿ ಇದ್ದದ್ದನ್ನು ಇದ್ದಹಾಗೆ ಹೇಳಿದಳು. ಐದು ನಿಮಿಷವೂ ಆಗಲಿಲ್ಲ. ಯಾರೂ ಆಮೆನ್ ಹೇಳಲಿಲ್ಲ. ಈಗಲೇ ಎದ್ದು ಮನೆಗೆ ಓಡಬೇಕು ಎಂದು ಅವಳ ಕಾಲು ತುಡಿಯಿತು.

ಮೊದಲು ಮಾತಾಡಿದವರು ಮೈಸೂರಿನ ಜಯಣ್ಣ, ಬಾಹ್ಯಾಕಾಶ ಕೇಂದ್ರದಿಂದ ನಿವೃತ್ತರಾದವರು, ಕೂಟದ ಅತಿ ಹಿರಿಯರು. ಗಂಟಲು ಸರಿಪಡಿಸಿಕೊಂಡು, "ನನ್ನದೂ ಒಂದಿದೆಯಮ್ಮ," ಎಂದರು. "ನಾನು ಉಪವಾಸದ ದಿನ ಹನ್ನೊಂದು ಗಂಟೆಗೆ ನಾಲ್ಕು ಬಿಸ್ಕತ್ತು ತಿಂತೀನಿ. ಮೂರು ವರ್ಷದಿಂದ ಸರಪಳಿ ನನ್ನ ಹತ್ರಾನೇ ಕಟ್ಟಾಗ್ತಿರೋದು." ಎಲ್ಲರೂ ಗೊಳ್ಳೆಂದು ನಕ್ಕರು. ನಗು ನಿಂತಾಗ ನೋಡಿದರೆ ಜಾಯ್ಸಕ್ಕನ ಕಣ್ಣು ತುಂಬಿತ್ತು.

"ನಾನು ನಲವತ್ತು ವರ್ಷ ನರ್ಸ್ ಆಗಿದ್ದವಳು," ಎಂದರು. "ಕಾಯಿಲೆಯವಳನ್ನು ಎದುರಿಗೆ ಕೂರಿಸಿಕೊಂಡು ಅವಳ ತಲೆ ಮೇಲೆಯೇ ಎಲ್ಲರ ಉಪವಾಸ ಹೊರಿಸಿದೆನಲ್ಲ. ನನಗೆ ಬುದ್ಧಿ ಬೇಡವಾ?"

ಜಾಯ್ಸಕ್ಕ ಅತ್ತು ಕೂರುವ ಜಾತಿಯವರಲ್ಲ. ಸೋಮವಾರವೇ ಸುಮಿತ್ರಳನ್ನು ಪರಿಚಯದ ಮನೋವೈದ್ಯೆಯ ಹತ್ತಿರ ಕರೆದುಕೊಂಡು ಹೋದರು. ಇದು ಕಾಯಿಲೆ, ಇದಕ್ಕೆ ಹೆಸರಿದೆ, ನಿಮ್ಮಂಥವರು ಬಹಳ ಜನ ಇದ್ದಾರೆ ಎಂದ ಡಾಕ್ಟರು ಮೊದಲು ಬರೆದುಕೊಟ್ಟದ್ದು ಹೊತ್ತುಹೊತ್ತಿಗೆ ಊಟ: ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ, ನಡುವೆ ಎರಡು ಸಲ ಸ್ವಲ್ಪ ಏನಾದರೂ. ಒಂದನ್ನೂ ಬಿಡುವ ಹಾಗಿಲ್ಲ. ವಾರಕ್ಕೊಮ್ಮೆ ಬಂದು ಮಾತಾಡಬೇಕು. ಮನೆಗೆ ಬಂದ ಜಾಯ್ಸಕ್ಕ ಗುಂಪಿಗೆ ಹೊಸ ಪಟ್ಟಿ ಹಾಕಿದರು. ಉಳಿದ ದಿನಗಳ ಸಂಜೆ ಆರೂವರೆಗೆ ಸುಮಿತ್ರ ಯಾರ ಮನೆಯಲ್ಲಿ ಊಟ ಮಾಡಬೇಕು ಎಂಬ ಪಟ್ಟಿ. ಈ ಸಲ ಚೌಕಗಳು ಅರ್ಧ ಗಂಟೆಯಲ್ಲಿ ತುಂಬಿದವು. ಉಪವಾಸಕ್ಕೆ ಜನ ಸಿಗುವುದು ಕಷ್ಟ, ಊಟ ಹಾಕಲು ನಮ್ಮವರು ಯಾವಾಗಲೂ ಮುಂದು.

ಹೇಳಿದಷ್ಟು ಸಲೀಸಾಗಿ ನಡೆಯಲಿಲ್ಲ. ಮೊದಲ ದಿನ ಗದಗದವರ ಮನೆಯಲ್ಲಿ ರೊಟ್ಟಿಯನ್ನು ಎಲ್ಲರೆದುರು ಮುರಿಯುವಾಗ ಅವಳು ತಟ್ಟೆಯಿಂದ ತಲೆ ಎತ್ತಲಿಲ್ಲ. ಬೆಳಿಗ್ಗೆ ಏಳೂವರೆಗೆ ಇಡ್ಲಿ ತಿನ್ನುವಾಗ ತಾನೇನೋ ಪಾಪ ಮಾಡುತ್ತಿದ್ದೇನೆ ಅನ್ನಿಸುತ್ತಿತ್ತು. ಇಪ್ಪತ್ತೇಳು ವರ್ಷ ಅವಳು ದೇವರ ಎದುರು ಖಾಲಿ ಹೊಟ್ಟೆಯಲ್ಲಿ ನಿಲ್ಲುವುದನ್ನಷ್ಟೇ ಕಲಿತಿದ್ದಳು, ತಟ್ಟೆಯ ಎದುರು ಅವನ ಜೊತೆ ಕೂರುವುದನ್ನು ಈಗ ಕಲಿಯಬೇಕಿತ್ತು. ತಿನ್ನುವ ಪ್ರತಿಯೊಂದರ ಮೇಲೂ, ಮಧ್ಯಾಹ್ನದ ಒಂದು ಬಾಳೆಹಣ್ಣಿನ ಮೇಲೂ, ಆ ಪುಟ್ಟ ಪ್ರಾರ್ಥನೆ ಹೇಳುವುದು ಎಂದು ನಿಶ್ಚಯಿಸಿಕೊಂಡಳು. ಎರಡನೆಯ ವಾರ ಒಂದು ಸಂಜೆ ಬಿದ್ದಳು. ಪ್ರಾರ್ಥನೆ ಹೇಳದೆ, ಬಾಗಿಲು ಹಾಕಿ, ಹಳೆಯ ಹಾಗೆಯೇ. ಮುಗಿದ ಮೇಲೆ ಮೊಣಕಾಲೂರುವ ಬದಲು ಜಾಯ್ಸಕ್ಕನಿಗೆ ಫೋನು ಮಾಡಿದಳು. ನಾಳೆ ಬೆಳಿಗ್ಗೆ ತಿಂಡಿ ಬಿಡಬೇಡ ಎಂದಷ್ಟೇ ಹೇಳಿದರು ಅವರು. ಬಿಡಲಿಲ್ಲ. ವಾರಕ್ಕೆ ಐದು ಸಲ ಇದ್ದದ್ದು ಈಸ್ಟರ್ ಬರುವಾಗ ಎರಡು ವಾರಕ್ಕೊಂದು ಸಲಕ್ಕೆ ಇಳಿದಿತ್ತು.

ಅನ್ವಿತಾ ಮಾತ್ರ ಆ ಗುರುವಾರದ ವಿಷಯವನ್ನು ಒಮ್ಮೆಯೂ ಎತ್ತಲಿಲ್ಲ. ಫೋನಿನಲ್ಲಿ ಪರೀಕ್ಷೆ, ಪ್ರಾಜೆಕ್ಟು, ಬಿಸಿಲು, ಇಷ್ಟೇ. ಅದೊಂದು ಮುಳ್ಳು ಸುಮಿತ್ರಳ ಒಳಗೆ ಹಾಗೆಯೇ ಇತ್ತು.

ಈಸ್ಟರಿನ ದಿನ ಎರಡೂ ಊರಿನ ಕೂಟದವರು ಕಳಮಶ್ಶೇರಿಯಲ್ಲಿ ಸೇರಿದರು. ದಿನಕರನ ಫ್ಲ್ಯಾಟಿನ ಕೆಳಗಿನ ಹಾಲಿನಲ್ಲಿ ಆರಾಧನೆ, ಹಾಡು, ಆಮೇಲೆ ಊಟ. ಕೋಳಿ ಸುಕ್ಕ, ನೀರುದೋಸೆ, ಅಪ್ಪಂ, ಗದಗದವರ ಎಣ್ಣೆಗಾಯಿ. ಎಲ್ಲರೂ ತಟ್ಟೆ ಹಿಡಿದು ಸಾಲಾದಾಗ ಅನ್ವಿತಾ ಕಾಣಲಿಲ್ಲ. ಸುಮಿತ್ರ ಮೇಲೆ ಹೋಗಿ ನೋಡಿದಳು. ಮಗಳು ಮಲಗುವ ಕೋಣೆಯಲ್ಲಿ ಮಂಚದ ಅಂಚಿಗೆ ಕೂತಿದ್ದಳು. ಹೊಸ ಚೂಡಿದಾರದ ಶಾಲನ್ನು ಮುದ್ದೆ ಮಾಡಿ ಹಿಡಿದುಕೊಂಡಿದ್ದಳು.

ಅಲ್ಲಿ ಅಷ್ಟೊಂದು ತಿಂಡಿ ಇದೆ, ನನಗೆ ಕೆಳಗೆ ಬರಲು ಹೆದರಿಕೆ ಎಂದಳು. ಸುಮಿತ್ರ ಪಕ್ಕದಲ್ಲಿ ಕೂತಳು.

"ಮಮ್ಮಿ, ಎನಿಕ್ಕುಂ ಉಂಡ್," ಎಂದಳು ಅನ್ವಿತಾ. ನನಗೂ ಇದೆ. "ಲಾಸ್ಟ್ ಇಯರ್ ಮುದಲ್."

ಕಳೆದ ವರ್ಷದಿಂದ. ಹಾಸ್ಟೆಲಿನ ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟು, ಪೊಟ್ಟಣ ಬಿಚ್ಚುವ ಸದ್ದು ಕೇಳಿಸದ ಹಾಗೆ ತಿನ್ನುವುದು. ಆರು ದಿನಕ್ಕೆ ಹೆಸರು ಕೊಟ್ಟದ್ದು ಅಮ್ಮನನ್ನು ನೋಡಿ ಕಲಿತು ಅಲ್ಲ, ಹಿಂದಿನ ವಾರ ತಿಂದದ್ದಕ್ಕೆ. ಆ ಗುರುವಾರ ಅಮ್ಮ ಹೇಳಿದ್ದು ಪ್ರತಿಯೊಂದೂ ತನ್ನದೇ ಕಥೆಯಾಗಿತ್ತು, ಅದಕ್ಕೇ ಬಾಯಿ ಬರಲಿಲ್ಲ. ಇಡೀ ಲೋಕದಲ್ಲಿ ನಾನೊಬ್ಬಳೇ ಹೀಗೆ ಎಂದುಕೊಂಡಿದ್ದೆ ಎಂದಳು.

ತಡೆದೆ ಎಂದುಕೊಂಡದ್ದು ಆಗಲೇ ಒಳಗೆ ಬಂದು ಒಂದು ವರ್ಷವಾಗಿತ್ತು. ಸುಮಿತ್ರಳ ಒಳಗೆ ಹಳೆಯ ದನಿ ಎದ್ದಿತು: ನಾಳೆಯಿಂದ ಉಪವಾಸ ಹಿಡಿ, ಮಗಳಿಗಾಗಿ ಮೂರು ದಿನ, ಏಳು ದಿನ, ದಂಡ ಕಟ್ಟು. ಎಷ್ಟು ಪರಿಚಿತ, ಎಷ್ಟು ಭಕ್ತಿಯ ದನಿ! ಒಂದು ಕ್ಷಣ ಅವಳ ಮೊಣಕಾಲು ಬಾಗಲು ಸಿದ್ಧವಾಗಿಯೇ ಇತ್ತು. ಬೇಡ ಕರ್ತನೇ, ಅದು ನೀನಲ್ಲ ಎಂದು ಮನಸ್ಸಿನಲ್ಲೇ ಹೇಳಿ, ಮಗಳ ಕೈಯಿಂದ ಮುದ್ದೆಯಾದ ಶಾಲನ್ನು ಬಿಡಿಸಿಕೊಂಡು ಅವಳ ಹೆಗಲಿಗೆ ಸರಿಯಾಗಿ ಹೊದಿಸಿದಳು.

"ಬೆಳಿಗ್ಗೆ ತಿಂದಿದ್ದೀಯಾ?"

ಇಲ್ಲ ಎಂದು ತಲೆಯಾಡಿಸಿದಳು.

"ಮಂಗಳವಾರ ಡಾಕ್ಟರ ಹತ್ತಿರ ಇಬ್ಬರೂ ಹೋಗುವ. ಈಗ ನನಗೆ ಹಸಿವಾಗ್ತಾ ಉಂಟು, ನಿನಗೂ ಆಗಿರಬೇಕು. ಒಂದು ತಟ್ಟೆ ಬಡಿಸಿಕೊಂಡು ನನ್ನ ಪಕ್ಕ ಕೂತುಕೋ. ಹೆದರಿಕೆ ಆದರೆ ನನ್ನ ಕೈ ಹಿಡಿ."

ಇದು ಹೋಗಲಿಕ್ಕೆ ಎಷ್ಟು ದಿನ ಬೇಕು ಎಂದು ಅನ್ವಿತಾ ಕೇಳಿದಳು. ಗೊತ್ತಿಲ್ಲ ಎಂದಳು ಸುಮಿತ್ರ. ಇವತ್ತಿನ ಮಧ್ಯಾಹ್ನದ ಊಟದ ವಿಷಯ ಮಾತ್ರ ಗೊತ್ತು ಎಂದಳು.

ಇಬ್ಬರೂ ಲಿಫ್ಟಿನಲ್ಲಿ ಕೆಳಗಿಳಿದರು. ಜಾಯ್ಸಕ್ಕ ನೀರುದೋಸೆ ಬಡಿಸುತ್ತಿದ್ದವರು ತಾಯಿ ಮಗಳ ಕಣ್ಣು ನೋಡಿ ಇಬ್ಬರಿಗೂ ಎರಡೆರಡು ಹಾಕಿದರು. ಮೂಲೆಯ ಬೆಂಚಿನಲ್ಲಿ ಕೂತು, ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು, ಸುಮಿತ್ರ ಊಟದ ಪ್ರಾರ್ಥನೆ ಹೇಳಿದಳು. ಆಮೆನ್ ಇಬ್ಬರದೂ ಒಟ್ಟಿಗೆ ಬಂತು, ಆಮೇಲೆ ಅನ್ವಿತಾ ದೋಸೆಯ ಒಂದು ತುಂಡು ಮುರಿದು ಬಾಯಿಗಿಟ್ಟಳು.